ಆಷಾಢದ ಗುಳಿಗೆ ಕೊಟ್ಟ ಅಕ್ಕಾರು

ಅವರ ಹೆಸರು ಬರೆಯುವುದಿಲ್ಲ. ನಾಲ್ಕು ತಿಂಗಳ ಹಿಂದೆ ಅವರು ನಿವೃತ್ತರಾದ ದಿನ ಆಸ್ಪತ್ರೆಯವರು ನನ್ನ ಕೈಗೆ ಮೈಕು ಕೊಟ್ಟು, "ಅವರ ಕೈಕೆಳಗ ಕೆಲಸ ಮಾಡಿದವರು ನೀವು, ನಾಲ್ಕು ಮಾತಾಡ್ರಿ" ಅಂದರು. "ಅಕ್ಕಾರು ಬಹಳ ಶಿಸ್ತಿನವರು" ಅಂದೆ. ಜನ ಚಪ್ಪಾಳೆ ತಟ್ಟಿದರು. ಅವರು ಕೊರಳಲ್ಲಿ ಹಾರ ಹಾಕಿಕೊಂಡು ಕುರ್ಚಿಯ ತುದಿಯಲ್ಲಿ, ಈಗಲೇ ಎದ್ದು ರೌಂಡಿಗೆ ಹೋಗುವವರ ಹಾಗೆ ಕೂತಿದ್ದರು. ಹೇಳಬೇಕಾದದ್ದನ್ನು ಒಂದನ್ನೂ ಹೇಳದೆ ನಾನು ವೇದಿಕೆ ಇಳಿದೆ. ಹೆದರಿಕೆಯಾದಾಗ ಬಾಯಿ ಮುಚ್ಚಿಕೊಳ್ಳುವುದು ನನ್ನ ಹಳೆಯ ಚಾಳಿ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ.

ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಅವರು ಗಂಡಸರ ವಾರ್ಡಿನ ಮುಖ್ಯ ನರ್ಸು. ನಾನು ಅದೇ ವಾರ್ಡಿಗೆ ಹೊಸದಾಗಿ ಸೇರಿದವಳು. ಅವರನ್ನು ಸಿಸ್ಟರ್ ಎಂದು ಕರೆಯುತ್ತಿದ್ದವರು ಡಾಕ್ಟರರು ಮಾತ್ರ. ನಮಗೆಲ್ಲ ಅವರು ಅಕ್ಕಾರು. ಗಿಡ್ಡ ಆಳು, ನಡಿಗೆ ಜೋರು. ವಾಚನ್ನು ಮಣಿಕಟ್ಟಿನ ಒಳಮೈಗೆ ಕಟ್ಟುತ್ತಿದ್ದರು. ನಮ್ಮೊಡನೆ ಮಾತಾಡುವಾಗ ನಮ್ಮ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಉಗುರು ಬೆಳೆದಿದೆಯೇ, ಬೆರಳಿಗೆ ಗಾಯವಾಗಿದೆಯೇ, ಕೈ ನಡುಗುತ್ತಿದೆಯೇ ಎಂದು. "ಹೆದರಿಕಿ ತಲ್ಯಾಗ ಇರಲಿ, ಕೈಯಾಗ ಬರಬಾರದು" ಎಂಬುದು ಅವರು ದಿನಕ್ಕೊಮ್ಮೆಯಾದರೂ ಆಡುತ್ತಿದ್ದ ಮಾತು. ಗಂಡ ಟಿ.ಬಿ.ಯಿಂದ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ದೇಶಪಾಂಡೆ ನಗರದ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇರುತ್ತಿದ್ದರು. ಇಷ್ಟು ನಮಗೆ ಗೊತ್ತಿತ್ತು. ಹೆಚ್ಚು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ತೊಂಬತ್ತರ ದಶಕದಲ್ಲಿ ಆ ವಾರ್ಡಿಗೆ ಮೊದಮೊದಲು ಎಚ್‌ಐವಿ ರೋಗಿಗಳು ಬಂದಾಗಿನ ಕಥೆಯನ್ನು ವಾರ್ಡಿನ ಆಯಾ ಹೇಳುತ್ತಿದ್ದಳು. ಊಟದ ತಾಟನ್ನು ಕಾಲಿನಿಂದ ತಳ್ಳುತ್ತಿದ್ದರಂತೆ. ಒಬ್ಬ ರೋಗಿ ಸತ್ತಾಗ ಹೆಣ ಮುಟ್ಟಲು ಒಬ್ಬರೂ ಬಾರದೆ, ಅಕ್ಕಾರೇ ಮೈ ತೊಳೆದು ಬಟ್ಟೆ ಸುತ್ತಿದರಂತೆ. ಆಮೇಲೆ ಕೈ ತೊಳೆದುಕೊಂಡು ಬಂದು, ವಾರ್ಡಿನ ಮೇಜಿನ ಮುಂದೆಯೇ ಕೂತು ಡಬ್ಬಿಯ ರೊಟ್ಟಿ ತಿಂದರಂತೆ. ಆಯಾಗೆ ಹೆಣ ತೊಳೆದದ್ದಕ್ಕಿಂತ ರೊಟ್ಟಿ ತಿಂದದ್ದೇ ಬೆರಗು. ಆಗ ಆ ರೋಗಕ್ಕೆ ಕೊಡಲು ನಮ್ಮ ಕಡೆ ಏನೂ ಇರಲಿಲ್ಲ. ಜ್ವರಕ್ಕೆ ಗುಳಿಗೆ, ನಿತ್ರಾಣಕ್ಕೆ ಸಲಾಯಿನ್, ಮನೆಯವರು ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ.

ನಾನು ಸೇರುವ ಹೊತ್ತಿಗೆ ಔಷಧಿ ಬಂದಿತ್ತು, ಆದರೆ ಕೊಂಡುಕೊಳ್ಳಬಲ್ಲವರಿಗೆ ಮಾತ್ರ. ಸರ್ಕಾರ ಪುಕ್ಕಟೆ ಕೊಡಲು ಶುರುಮಾಡಿರಲಿಲ್ಲ. ಕೊಂಡು ತಿನ್ನುವ ಮೂರು ನಾಲ್ಕು ಮಂದಿ ತಿಂಗಳಿಗೊಮ್ಮೆ ಡಾಕ್ಟರರನ್ನು ನೋಡಲು ಬರುತ್ತಿದ್ದರು. ಅವರನ್ನು ಅಕ್ಕಾರು ಮೂಲೆಗೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಮುಂಜಾನೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು, ತಪ್ಪಿಸಬಾರದು. ಒಮ್ಮೆ ಹಿಟ್ಟಿನ ಗಿರಣಿಯವನೊಬ್ಬ ಶ್ರಾವಣ ಸೋಮವಾರ ಉಪವಾಸವೆಂದು ಗುಳಿಗೆ ಬಿಟ್ಟಿದ್ದ. ನಾಲ್ಕು ಸೋಮವಾರ. ಅಕ್ಕಾರು ಅವನ ಕೈಗಳನ್ನೇ ನೋಡುತ್ತಾ ಕೇಳಿದರು.

"ಉಪಾಸ ಇದ್ದಾಗ ನೀರು ಕುಡೀತಿಯೇನಪಾ?"

"ಕುಡೀತೇನ್ರಿ."

"ಹಂಗಾರ ಇದು ನೀರಿನ ಜೋಡಿ ಹೋಗೂದು. ದೇವರು ಕೇಳಿದ್ರ ನನ್ನ ಹೆಸರು ಹೇಳು."

ಆತ ನಕ್ಕ. ಅಕ್ಕಾರು ನಗಲಿಲ್ಲ. ಆತ ಹೋದ ಮೇಲೆ, ಬಿಟ್ಟು ಬಿಟ್ಟು ತಿಂದರೆ ಔಷಧಿಯೇ ನಾಟುವುದಿಲ್ಲ, ಆಮೇಲೆ ಬೇರೆ ಔಷಧಿ ಎಲ್ಲಿಂದ ತರುವುದು ಎಂದು ನನಗೆ ಹೇಳಿದರು. ಆ ದನಿಯಲ್ಲಿ ಒಂದು ತೆರನ ಸಂಕಟವಿತ್ತು. ಬೇರೆಯವರ ರೋಗಕ್ಕೆ ಇಷ್ಟು ಸಂಕಟಪಡುತ್ತಾರಲ್ಲ ಎಂದುಕೊಂಡೆ.

ಆ ವರ್ಷ ನನ್ನ ಮದುವೆಯಾಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಗಂಡ ಧಾರವಾಡದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಾಯಕ. ಸಪ್ತಾಪುರದಲ್ಲಿ ಬಾಡಿಗೆ ಮನೆ, ಜೊತೆಗೆ ಅತ್ತೆ. ದಿನಾ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದು ಹೋಗುತ್ತಿದ್ದೆ. ಅದೊಂದು ಭಾನುವಾರ, ಹನ್ನೊಂದನೇ ಹಾಸಿಗೆಯ ರೋಗಿಯ ರಕ್ತ ತೆಗೆದೆ. ಕೇಸ್ ಪೇಪರಿನ ಮೂಲೆಯಲ್ಲಿ ಕೆಂಪು ಚುಕ್ಕೆಯಿತ್ತು. ಚುಕ್ಕೆ ಇದ್ದರೆ ಎಚ್‌ಐವಿ ಎಂದು ನಮಗೆ ಅರ್ಥ. ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಬಾರದೆಂದು ಅಕ್ಕಾರು ನೂರು ಸಲ ಹೇಳಿದ್ದರು. ನಾನು ಹಾಕಲು ಹೋದೆ. ಮುಚ್ಚಳ ಜಾರಿತು, ಸೂಜಿ ಎಡಗೈಯ ತೋರುಬೆರಳಿಗೆ ಇಳಿಯಿತು. ಕೈಗೆ ಗ್ಲೌಸು ಕೂಡ ಇರಲಿಲ್ಲ. ತವರೂರು ಮುಗದದ ಹೊಲದಲ್ಲಿ ಮುಳ್ಳು ನೆಟ್ಟಾಗ ಮಾಡುವಂತೆ, ನಾಲ್ಕು ವರ್ಷ ನರ್ಸಿಂಗ್ ಓದಿದವಳು ಆ ಬೆರಳನ್ನು ಸೀದಾ ಬಾಯಿಗಿಟ್ಟುಕೊಂಡೆ.

ಅಕ್ಕಾರು ಮೂರು ಹಾಸಿಗೆ ಆಚೆ ಇದ್ದರು. ಬಂದದ್ದೇ ಕೈ ಕಿತ್ತರು.

"ಉಗುಳು. ಬಾಯಿ ಮುಕ್ಕಳಸು. ಕೈ ನಳದ ಕೆಳಗ ಹಿಡಿ. ಹಿಚುಕಬ್ಯಾಡ, ಸಾಬಾಣ ಹಚ್ಚು, ನೀರು ಬಿಡು."

ನಲ್ಲಿಯ ನೀರಿನಲ್ಲಿ ರಕ್ತ ಹೋಗಿ ಬೆರಳು ಬೆಳ್ಳಗಾಗಿ ಸುಕ್ಕುಗಟ್ಟಿತು. ಅಕ್ಕಾರು ಡಾಕ್ಟರರ ಮನೆಗೆ ಫೋನು ಹಚ್ಚಿದರು. ರೋಗ ಅಂಟದಂತೆ ತಡೆಯುವ ಗುಳಿಗೆ ಎರಡು ತಾಸಿನೊಳಗೆ ಶುರುವಾದರೆ ಒಳ್ಳೆಯದು, ತಡವಾದಷ್ಟೂ ಅದರ ಬಲ ಕಡಿಮೆ ಎಂದರು ಡಾಕ್ಟರರು. ಔಷಧಿಯ ಹೆಸರು ಹೇಳಿದರು. ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ಅದು ಇರಲಿಲ್ಲ. ಭಾನುವಾರ, ಹೊರಗಿನ ಅಂಗಡಿಗಳು ಮುಚ್ಚಿದ್ದವು. ತೆರೆದಿದ್ದರೂ ಆ ಔಷಧಿ ಇಡುತ್ತಿದ್ದದ್ದು ಒಂದೋ ಎರಡೋ ಅಂಗಡಿ.

ಅಕ್ಕಾರು ಫೋನು ಕೆಳಗಿಟ್ಟು ವಾಚು ನೋಡಿಕೊಂಡರು. "ಇಲ್ಲೇ ಕುಂದ್ರು. ಎಲ್ಲೂ ಹೋಗಬ್ಯಾಡ" ಎಂದು ಹೇಳಿ ಹೊರಗೆ ಹೋಗಿ ಆಟೋ ಹತ್ತಿದರು.

ಮುಕ್ಕಾಲು ತಾಸು. ಗೋಡೆಯ ಗಡಿಯಾರದ ಮುಂದೆ ಸ್ಟೂಲಿನ ಮೇಲೆ ಕೂತು ನಾನು ಏನೇನು ಯೋಚಿಸಿದೆ ಎಂದು ಹೇಳಿದರೆ ನನಗೇ ನಾಚಿಕೆ. ಸಾವಿನದು ಆಮೇಲೆ ಬಂತು. ಮೊದಲು ಬಂದದ್ದು ಅತ್ತೆಯ ಮುಖ. ಹೊಸ ಸೊಸೆಗೆ ಈ ರೋಗ ಎಂದರೆ ಸೂಜಿ ಚುಚ್ಚಿತು ಎಂಬ ಮಾತನ್ನು ಯಾರು ನಂಬುತ್ತಾರೆ? ಹನ್ನೊಂದನೇ ಹಾಸಿಗೆಯವನು ಮಲಗಿದಲ್ಲಿಂದಲೇ ನನ್ನನ್ನು ನೋಡುತ್ತಿದ್ದ. ಅವನ ಕಣ್ಣಲ್ಲಿ ತಪ್ಪು ಮಾಡಿದವನ ಭಾವವಿತ್ತು. ತಪ್ಪು ನನ್ನದು. ಆದರೂ ಆ ಹೊತ್ತಿನಲ್ಲಿ ಅವನನ್ನು ನಾನು ದ್ವೇಷಿಸಿದೆ.

ಅಕ್ಕಾರು ಬಂದು ಒಂದು ಸಣ್ಣ ಬಾಟಲಿ ತೆಗೆದರು. ಅದರ ಮೇಲಿನ ಕಾಗದವನ್ನು ಯಾರೋ ಉಗುರಿನಿಂದ ಕೆರೆದು ತೆಗೆದಿದ್ದರು.

"ಇದು ಯಾವುದ್ರಿ?" ಹೆಸರಿಲ್ಲದ ಔಷಧಿ ಕೊಡಬಾರದು, ತಿನ್ನಬಾರದು ಎಂದು ಅವರೇ ಕಲಿಸಿದ್ದರು.

"ಡಾಕ್ಟರ್ ಹೇಳಿದ್ದ ಐತಿ. ಎರಡು ಔಷಧ ಕೂಡಿಸಿದ ಗುಳಿಗಿ. ನಂಬತೀಯೋ ಇಲ್ಲೋ ಲಗೂನ ಹೇಳು."

"ಎಲ್ಲಿ ಸಿಕ್ತುರಿ?"

"ಇತ್ತು."

ನುಂಗಿದೆ. ಎರಡು ತಾಸು ತುಂಬಲು ಇನ್ನೂ ಮುಕ್ಕಾಲು ತಾಸು ಇತ್ತು. ಇದರಿಂದ ಖಾತ್ರಿಯೇ ಎಂದು ಕೇಳಿದೆ. ಅಕ್ಕಾರಿಗೆ ಸಮಾಧಾನದ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಖಾತ್ರಿ ಯಾರೂ ಕೊಡೂದಿಲ್ಲ. ಒಂದು ಸೂಜಿ ಚುಚ್ಚಿದ್ರ ಬಾಳ ಮಂದಿಗಿ ಹತ್ತೂದ ಇಲ್ಲ. ಗುಳಿಗಿ ತಗೊಂಡ್ರ ಇನ್ನೂ ಕಡಿಮಿ. ಇಪ್ಪತ್ತೆಂಟು ದಿನ, ಹನ್ನೆರಡ ತಾಸಿಗೊಮ್ಮೆ. ಆಮ್ಯಾಲ ರಕ್ತ ನೋಡೂದು. ಮೂರು ತಿಂಗಳಾದ ಮ್ಯಾಲೊಮ್ಮೆ, ಆರು ತಿಂಗಳಾದ ಮ್ಯಾಲೊಮ್ಮೆ. ಅಲ್ಲೀತನಕ ಗಂಡನ ಜೋಡಿ ನಿರೋಧ ಇಲ್ಲದ ಇರಬಾರದು. ಇವತ್ತ ಆತಗ ಹೇಳು."

"ನನ್ನ ಕೈಲಿ ಆಗೂದಿಲ್ರಿ, ಅಕ್ಕಾರ."

ಬೈಯುತ್ತಾರೆಂದುಕೊಂಡೆ. ಅವರು ನನ್ನ ಕೈ ನೋಡಿದರು. ಆಮೇಲೆ, "ಆಷಾಢ ಯಾವತ್ತು ಹತ್ತತೈತಿ?" ಎಂದು ಕೇಳಿದರು.

ಮೂರು ದಿನ ಇತ್ತು. ಹೊಸ ಮದುಮಗಳು ಆಷಾಢದಲ್ಲಿ ಗಂಡನ ಮನೆಯಲ್ಲಿ ಇರುವುದಿಲ್ಲ, ತವರಿಗೆ ಹೋಗುತ್ತಾಳೆ. ನಮ್ಮ ಕಡೆ ಅದರ ಹಿಂದೆಯೇ ಪಂಚಮಿ ಹಬ್ಬ. ಉಂಡಿ ತಿಂದು, ಜೋಕಾಲಿ ಆಡಿ ಬರುವುದು. ಯಾರೂ ಯಾಕೆ ಎಂದು ಕೇಳುವುದಿಲ್ಲ. ಅಕ್ಕಾರು ಡ್ಯೂಟಿ ಪಟ್ಟಿ ತೆಗೆದು ಮುಂದಿನ ಮೂರು ದಿನ ನನ್ನನ್ನು ರಾತ್ರಿ ಪಾಳಿಗೆ ಹಾಕಿದರು. ನಾಲ್ಕನೆಯ ದಿನ ಮುಗದಕ್ಕೆ ಹೋಗು, ಅಲ್ಲಿಂದ ರೈಲಿಗೆ ಬಂದು ಹೋಗು ಎಂದರು.

"ಇಪ್ಪತ್ತೆಂಟು ದಿನ ನಿನಗ ದೇವರು ಪುಕ್ಕಟ ಕೊಟ್ಟಾನ. ಪಂಚಮಿ ಆದ ಮ್ಯಾಲ ಮಾತ್ರ ಹೇಳಾಕ ಬೇಕು. ಅದಕ್ಕ ನನ್ನ ಕಡೆ ಯಾವ ಮಾಸಾನೂ ಇಲ್ಲ."

ಮೊದಲ ಮೂರು ದಿನದ ಗುಳಿಗೆ ಆ ಬಾಟಲಿಯದೇ. ಆಮೇಲೆ ಡಾಕ್ಟರರು ತರಿಸಿಕೊಟ್ಟರು. ಕಾಗದ ಅಂಟಿದ್ದ ಆ ಹೊಸ ಬಾಟಲಿಯನ್ನು ಕೈಗೆ ತೆಗೆದುಕೊಂಡ ಕೂಡಲೇ ನಾನೂ ಉಗುರಿನಿಂದ ಕೆರೆದೆ. ಯಾರೂ ಹೇಳಿಕೊಟ್ಟಿರಲಿಲ್ಲ.

ಆಷಾಢ ಮುಗಿಯುವತನಕ ಮುಗದದಲ್ಲಿ ನಾನು ಮನುಷ್ಯಳಾಗಿರಲಿಲ್ಲ. ಬೆಳಿಗ್ಗೆ ಗುಳಿಗೆ ನುಂಗಿದ ಅರ್ಧ ತಾಸಿಗೆ ಹೊಟ್ಟೆ ತೊಳಸಿ ಹಿತ್ತಲಿಗೆ ಓಡುವುದು. ವಾಂತಿಯಲ್ಲಿ ಗುಳಿಗೆ ಹೋಯಿತೇ ಎಂದು ಬಗ್ಗಿ ನೋಡುವುದು. ಸ್ವಲ್ಪ ಜ್ವರ ಬಂದಂತಾದರೆ ಬಂದೇಬಿಟ್ಟಿತು ಎಂದು ಗಂಟಲು ಮುಟ್ಟಿ ಮುಟ್ಟಿ ಗಡ್ಡೆ ಹುಡುಕುವುದು. ತಮ್ಮನ ಮಗು ತೊಡೆಯೇರಿದರೆ ಕೆಳಗಿಳಿಸುವುದು. ಅವ್ವ ಒಂದು ವಾರ ನೋಡಿದಳು. ಎಂಟನೆಯ ದಿನ ನನ್ನ ತಾಟಿನ ಪಕ್ಕ ಮಾವಿನಕಾಯಿ ಉಪ್ಪಿನಕಾಯಿ ಹೆಚ್ಚಿಗೆ ಬಿತ್ತು. ಒಂಬತ್ತನೆಯ ದಿನ ಹುಣಸೆ ಚಿಗಳಿ ಬಂತು. ಹತ್ತನೆಯ ದಿನ ಓಣಿಯ ಹೆಂಗಸರು ನನ್ನನ್ನು ನೋಡಿ ನಗತೊಡಗಿದರು.

"ಬೀಗತಿಗಿ ಹೇಳಿ ಕಳಸತೇನಿ. ಎಷ್ಟು ದಿನ ಮುಚ್ಚಿಡತಿ?" ಎಂದಳು ಅವ್ವ. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ನನ್ನ ಮದುವೆಯಲ್ಲೂ ಕಂಡಿರಲಿಲ್ಲ.

ಆ ಸುದ್ದಿ ಸಪ್ತಾಪುರಕ್ಕೆ ಹೋಗಿ, ಆಮೇಲೆ ಸುಳ್ಳೆಂದು ಗೊತ್ತಾಗಿ, ಹಾಗಾದರೆ ವಾಂತಿ ಯಾಕೆ ಎಂದು ಅತ್ತೆ ಕೇಳಿ, ಒಂದೊಂದೇ ದಾರ ಎಳೆದು ಎಲ್ಲ ಹೊರಗೆ ಬರುತ್ತದೆ ಎಂದು ಲೆಕ್ಕ ಹಾಕಿದೆ. ನಾನು ಅವ್ವನ ಕಾಲು ಹಿಡಿಯುವುದೊಂದು ಬಾಕಿ, ಭಾನುವಾರದ ತನಕ ತಡೆ ಎಂದು ಬೇಡಿಕೊಂಡೆ. ಮರುದಿನ ಅಕ್ಕಾರಿಗೆ ಹೇಳಿದೆ. ಅವರು ಭಾನುವಾರ ಮುಂಜಾನೆಯ ಪ್ಯಾಸೆಂಜರಿಗೆ ಮುಗದದಲ್ಲಿ ಇಳಿದರು.

ಬಂದವರು ಚಾಪೆಯ ಮೇಲೆ ಕೂತು, ಅವ್ವನಿಂದ ಒಂದು ತಂಬಿಗೆ ನೀರು ಕೇಳಿ ತೆಗೆದುಕೊಂಡು ಹಿತ್ತಲಿಗೆ ಹೋದರು. ನಾನು ಒಳಗೆ ಎಂಟರ ಗುಳಿಗೆ ನುಂಗುತ್ತಿದ್ದೆ. ಮುಖ ತೊಳೆಯಲು ಹೋಗಿರಬೇಕು ಎಂದುಕೊಂಡೆ. ಬಂದು ಅವ್ವನ ಎದುರಿಗೇ ಕೂತರು.

"ಇಕಿ ಬಸುರಿಲ್ರಿ, ಅವ್ವಾರ. ದವಾಖಾನ್ಯಾಗ ಒಬ್ಬ ರೋಗಿಯ ಬ್ಯಾನಿ ಇಕಿಗಿ ಹತ್ತಬಾರದಂತ ಔಷಧ ನಡದೈತಿ. ಔಷಧದ್ದ ಈ ವಾಂತಿ."

ಅವ್ವನ ಮುಖ ಇಳಿಯಿತು. "ಯಾವ ಬ್ಯಾನಿರಿ ಅಕ್ಕಾರ?"

"ಹತ್ತಬಾರದು ಅಂತ ಅಂದೆನಲ್ರಿ. ಹತ್ತಲಾರದ ಬ್ಯಾನಿ ಹೆಸರು ತಗೊಂಡು ನೀವೇನ ಮಾಡತೀರಿ?"

ಅವ್ವ ಒಂದು ಕ್ಷಣ ನನ್ನನ್ನು ನೋಡಿದಳು. ಮತ್ತೆ ಕೇಳಲಿಲ್ಲ. ಅವಳಿಗೆ ಎಷ್ಟು ಅರ್ಥವಾಗಿತ್ತೋ ಇವತ್ತಿಗೂ ಗೊತ್ತಿಲ್ಲ. ಬರೀ ಹೊಟ್ಟೆಗೆ ಗುಳಿಗೆ ಕೊಡಬೇಡಿ, ಮೊದಲು ಅರ್ಧ ರೊಟ್ಟಿ ಮೊಸರು ಎಂದು ಅಕ್ಕಾರು ಹೇಳಿದರು. ಮರುದಿನದಿಂದ ಅವ್ವ ಏಳೂವರೆಗೇ ರೊಟ್ಟಿ ಬಡಿಯತೊಡಗಿದಳು. ಅಕ್ಕಾರು ಅಂದು ನಮ್ಮಲ್ಲೇ ಉಂಡರು. ಹೊರಡುವಾಗ ಅವ್ವ ಕುಂಕುಮದ ಭರಣಿ ಹಿಡಿದು ಬಂದು, ವಿಧವೆಗೆ ಹಚ್ಚಬೇಕೋ ಬೇಡವೋ ಎಂದು ತಡವರಿಸಿ, ಕಡೆಗೆ ಹಚ್ಚಿಯೇಬಿಟ್ಟಳು. ಅಕ್ಕಾರು ಅದನ್ನು ಒರೆಸಿಕೊಳ್ಳದೆ ರೈಲು ಹತ್ತಿದರು.

ಪಂಚಮಿ ಮುಗಿಸಿ ಸಪ್ತಾಪುರಕ್ಕೆ ಮರಳಿದ ದಿನವೇ ಗಂಡನಿಗೆ ಹೇಳಿದೆ. ಮನೆಯಲ್ಲಿ ಅತ್ತೆ ಇದ್ದುದರಿಂದ ಅಡ್ಡಾಡಲು ಹೋಗೋಣ ಎಂದು ಕರೆದುಕೊಂಡು ಹೋಗಿ, ವಿದ್ಯಾರ್ಥಿಗಳ ಸೈಕಲ್ಲು, ಲೂನಾಗಳ ನಡುವೆ ನಡೆಯುತ್ತಲೇ ಹೇಳಿದೆ. ನಿಂತರೆ ಹೇಳಲಾಗುತ್ತಿರಲಿಲ್ಲ.

"ಅಂದ್ರ ನನಗ ಹೆದರಿ ಮುಗದಕ್ಕ ಹೋಗಿದ್ದೇನು?" ಎಂದ ಆತ.

ಅಷ್ಟೇ ಕೇಳಿದ್ದು. ಮರುದಿನ ನಿರೋಧ ಕೊಳ್ಳಲು ಧಾರವಾಡ ಬಿಟ್ಟು ಹುಬ್ಬಳ್ಳಿಯ ತನಕ ಹೋಗಿ ಬಂದ. ಅತ್ತೆಗೆ ಇವತ್ತಿಗೂ ಗೊತ್ತಿಲ್ಲ.

ಆರು ತಿಂಗಳ ರಕ್ತದ ವರದಿಯನ್ನು ಅಕ್ಕಾರೇ ತಂದರು. ಬಟ್ಟೆಗಳನ್ನು ಇಡುವ ಕೋಣೆಗೆ ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿ, ಕೈಗೆ ಕೊಟ್ಟರು. ಏನೂ ಇಲ್ಲ. ರೋಗವಿಲ್ಲ. ಚಾದರಗಳ ರಾಶಿಗೆ ಮುಖ ಒತ್ತಿ ಅತ್ತುಬಿಟ್ಟೆ. ಅಳು ಮುಗಿಯುವ ತನಕ ಅವರು ದಿಂಬಿನ ಚೀಲ ಮಡಚುತ್ತಾ ನಿಂತಿದ್ದರು.

"ಆ ಐತವಾರ ನಾ ತಂದ ಗುಳಿಗಿ ಯಾರವು ಅಂತ ನೀ ಒಮ್ಮೆನೂ ಕೇಳಲಿಲ್ಲ" ಎಂದರು.

ನಾನು ಮುಖ ಎತ್ತಿದೆ.

"ನನ್ನವು. ನಮ್ಮ ಮನಿಯವರು ಹೋದದ್ದು ಬರೇ ಟಿ.ಬಿ.ಲಿಂದ ಅಲ್ಲ. ನಾ ಗುಳಿಗಿ ತಗೊಳ್ಳಾಕ ಹತ್ತಿ ಎರಡ ವರ್ಷ ಆತು. ಹುಬ್ಬಳ್ಳ್ಯಾಗ ಕರ್ಫ್ಯೂ ಯಾವಾಗ ಬೀಳತೈತೋ ಯಾರಿಗೆ ಗೊತ್ತು, ಹದಿನೈದು ದಿನದ್ದು ಹೆಚ್ಚಿಗಿ ಇಟ್ಟಿರತೇನಿ. ಆವಾಗ ಹೇಳಿದ್ರ ನೀ ಇನ್ನೂ ಹೆದರತಿದ್ದಿ. ಈಗ ಹೇಳೇನಿ. ಈ ದವಾಖಾನ್ಯಾಗ ನಿನಗೊಬ್ಬಾಕಿಗೆ ಗೊತ್ತು. ಇಷ್ಟ ದಿನ ಯಾರ ಮುಂದೂ ಹೇಳಿದ್ದಿಲ್ಲ. ಒಬ್ಬರ ಮುಂದರ ಹೇಳಬೇಕು ಅನಸ್ತು."

ಅವರ ಕೈ ಹಿಡಿದುಕೊಂಡೆ. ಏನೋ ಹೇಳಿದೆ. ಹೊರಗೆ ಬಂದು, ನಡೆಯುತ್ತಾ, ನನಗೇ ಅರಿವಾಗುವ ಮೊದಲು ನಲ್ಲಿಯ ಹತ್ತಿರ ನಿಂತು ಸಾಬೂನು ಹಚ್ಚಿ ಕೈ ತೊಳೆಯುತ್ತಿದ್ದೆ. ಮುಟ್ಟಿದರೆ ಬರುವುದಿಲ್ಲ ಎಂದು ರೋಗಿಗಳ ಮನೆಯವರಿಗೆ ದಿನಾ ಹೇಳುವವಳು ನಾನು. ತಲೆಗೆ ಎಲ್ಲ ಗೊತ್ತಿತ್ತು. ಆರು ತಿಂಗಳು ಮೈಯೊಳಗೆ ಕೂತಿದ್ದ ಹೆದರಿಕೆ ಒಂದು ಕಾಗದದ ಚೀಟಿ ನೋಡಿ ಹೊರಟುಹೋಗಲಿಲ್ಲ, ಅದು ಅವರನ್ನು ಹುಡುಕಿಕೊಂಡು ಹೋಯಿತು. ನಿಧಾನವಾಗಿ ಬೇರೆ ವಾರ್ಡಿಗೆ ಹಾಕಿಸಿಕೊಂಡೆ. ಎದುರಿಗೆ ಸಿಕ್ಕರೆ ನಕ್ಕು ಗಡಿಬಿಡಿಯಲ್ಲಿದ್ದೇನೆ ಎಂದು ದಾಟುತ್ತಿದ್ದೆ. ಅವರ ಗುಟ್ಟನ್ನು ಯಾರಿಗೂ ಹೇಳಲಿಲ್ಲ ಎಂಬುದೊಂದೇ ನಾನು ಮಾಡಿದ ಒಳ್ಳೆಯ ಕೆಲಸ.

ಎರಡು ವರ್ಷಕ್ಕೆ ಮಗಳು ಹುಟ್ಟಿದಳು. ಮುಗದದಲ್ಲಿ ತೊಟ್ಟಿಲಿಗೆ ಹಾಕುವ ಕಾರ್ಯ. "ನಿಮ್ಮ ಅಕ್ಕಾರಿಗೆ ನಾನ ಕರಿಯಾಕ ಹೋಗತೇನಿ" ಎಂದು ಅವ್ವ ಹೊರಟಿದ್ದಳು. ಅವರು ಊರಲ್ಲಿಲ್ಲ ಎಂದೆ. ಅವರು ಮಗುವನ್ನು ಎತ್ತಿಕೊಳ್ಳುತ್ತಾರೆ, ಮುದ್ದು ಕೊಡುತ್ತಾರೆ ಎಂಬುದೇ ನನ್ನ ಹೆದರಿಕೆ. ವಾರದ ಮೇಲೆ ವಾರ್ಡಿನ ಆಯಾ ಒಂದು ಪೊಟ್ಟಣ ತಂದುಕೊಟ್ಟಳು. ಅಕ್ಕಾರು ಕೈಯಾರೆ ಹೊಲಿದ ಕುಂಚಿಗೆ, ಕೂಸಿನ ತಲೆಗೆ ಕಟ್ಟುವ ಕುಲಾವಿ. ಕೆಂಪು ಖಣ, ಹಸಿರು ಅಂಚು, ಕಟ್ಟಲು ಎರಡು ಲಾಡಿ. ಸಣ್ಣ ಸಣ್ಣ ಹೊಲಿಗೆ. ಆ ಹೊಲಿಗೆಗಳನ್ನೇ ನೋಡುತ್ತಾ ಕೂತೆ. ಹೊಲಿಯುವಾಗ ಅವರ ಬೆರಳಿಗೆ ಸೂಜಿ ಚುಚ್ಚಿದ್ದರೆ? ಕೆಂಪು ಬಟ್ಟೆಯಲ್ಲಿ ರಕ್ತ ಕಾಣುವುದಾದರೂ ಹೇಗೆ? ಒಣಗಿದ ರಕ್ತದಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ರಕ್ತ ತಾಗಿದ ಸಾಮಾನು ನೆನೆಹಾಕುವ ಬ್ಲೀಚಿಂಗ್ ಪುಡಿ ತರಿಸಿ, ಅವ್ವ ಹೊಲಕ್ಕೆ ಹೋದಾಗ ಬಕೆಟ್ಟಿನಲ್ಲಿ ಕಲಸಿ, ಕುಂಚಿಗೆಯನ್ನು ಅದರಲ್ಲಿ ಮುಳುಗಿಸಿದೆ. ಸಂಜೆ ತೆಗೆದಾಗ ಕೆಂಪು ಹಸಿರು ಎರಡೂ ಇರಲಿಲ್ಲ. ಹಳದಿ ಬಿಳುಪಿನ ಒಂದು ಬಟ್ಟೆ ಉಳಿದಿತ್ತು. ಬಣ್ಣ ಬಿಟ್ಟಿತು, ಕಳಪೆ ಖಣ ಎಂದು ಅವ್ವನಿಗೆ ಹೇಳಿದೆ.

ಮಗುವಿಗೆ ಲಸಿಕೆ ಹಾಕಿಸಲು ನಮ್ಮ ಆಸ್ಪತ್ರೆಗೇ ಹೋದೆವು. ಥಂಡಿ ಗಾಳಿ ಇತ್ತೆಂದು ಅವ್ವ ಅದೇ ಕುಂಚಿಗೆಯನ್ನು ಕಟ್ಟಿದ್ದಳು. ಸಾಲಿನಲ್ಲಿ ಕೂತಿದ್ದೆ. ಅವ್ವ ಚೀಟಿ ಮಾಡಿಸಲು ಹೋಗಿದ್ದಳು. ಎದುರಿನಿಂದ ಆ ಜೋರು ನಡಿಗೆ ಬಂತು. ಅಕ್ಕಾರು ನನ್ನ ಮುಂದೆ ನಿಂತು, ಬಾಗಿ, ಮಗುವಿನ ಕೆನ್ನೆಗೆಂದು ಕೈ ಚಾಚಿದರು. ನಾನು ಮಗುವನ್ನು ಎದೆಗೆ ಒತ್ತಿಕೊಂಡೆನೋ ಏನೋ, ಆ ಕೈ ಅರ್ಧಕ್ಕೇ ನಿಂತು ಕುಂಚಿಗೆಯ ಅಂಚನ್ನು ಹಿಡಿಯಿತು. ಎರಡು ಬೆರಳಿನಲ್ಲಿ ಬಟ್ಟೆಯನ್ನು ತಿಕ್ಕಿ ನೋಡಿದರು. ಇಪ್ಪತ್ತೈದು ವರ್ಷ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈಯಾಡಿಸಿದವರಿಗೆ ತಿಳಿಯಲು ಅಷ್ಟು ಸಾಕು.

"ಎಷ್ಟೊತ್ತು ಇಟ್ಟಿದ್ದಿ?" ಎಂದು ಕೇಳಿದರು.

ಅವರೆದುರು ಸುಳ್ಳು ಬಾಯಿಗೆ ಬರಲಿಲ್ಲ.

"ಮುಂಜಾನಿಂದ ಸಂಜೀತನಕ್ರಿ."

ಅವರು ಅಂಚನ್ನು ಬಿಟ್ಟರು. ಬಿಚ್ಚಿಹೋಗಿದ್ದ ಲಾಡಿಯನ್ನು, ಮಗುವಿನ ಮೈಗೆ ಬೆರಳು ತಾಗದ ಹಾಗೆ, ಜೋಪಾನವಾಗಿ ಕಟ್ಟಿದರು.

"ಅರ್ಧ ತಾಸು ಸಾಕಿತ್ತು" ಎಂದರು. "ನಾನ ಕಲಿಸಿದ್ನಲ್ಲ ನಿನಗ."